ದೇವರಿದ್ದಾನಾ ಅಂತ ವೇದಿಕೆ ಹಾಕಬೇಡಿ, ಹೋಮದ ಬಿಲ್ ಕೇಳಿ

ಪ್ರಶ್ನೆ: ನಾನು ಮಂಡ್ಯದವನು. ಡಿಗ್ರಿ ಮುಗಿಸಿ ಇಲ್ಲೇ ಕೆಲಸದಲ್ಲಿದ್ದೇನೆ. ನಾವು ಕೆಲವು ಗೆಳೆಯರು ದೇವರನ್ನು ನಂಬುವುದಿಲ್ಲ. 'ದೇವರು ಇದ್ದಾನೆಯೇ?' ಅಂತ ಊರಲ್ಲಿ ಬಹಿರಂಗ ಚರ್ಚೆ ಇಡೋಣ ಅಂದುಕೊಂಡೆವು. ಪೋಸ್ಟರ್ ಹಾಕಿದ ಮಾರನೇ ದಿನವೇ ಹಾಲ್ ಕೊಡಲ್ಲ ಅಂದರು. 'ಭಾವನೆಗೆ ಧಕ್ಕೆ ಅಂತ ಕೇಸ್ ಹಾಕ್ತೀವಿ' ಅಂತ ವಾಟ್ಸಾಪಿನಲ್ಲಿ ಮೆಸೇಜುಗಳು ಬರುತ್ತಿವೆ. ಮನೆಯಲ್ಲಿ ಅವ್ವ ಮಾತು ಬಿಟ್ಟಿದ್ದಾರೆ. ನನ್ನ ಬುದ್ಧಿ ನೆಟ್ಟಗಾಗಲಿ ಅಂತ ಮಾರಮ್ಮನ ಹಬ್ಬಕ್ಕೆ ಕೊಂಡ ಹಾಯುವ ಹರಕೆ ಬೇರೆ ಹೊತ್ತಿದ್ದಾರೆ. ನಾವು ಮಾಡುತ್ತಿರುವುದು ತಪ್ಪಾ? ಕಾನೂನು ಏನು ಹೇಳುತ್ತದೆ? ಚರ್ಚೆ ಮಾಡುವುದಾದರೆ ಹೇಗೆ ಮಾಡಬೇಕು?

ಉತ್ತರ: ತಪ್ಪಲ್ಲ. ಆದರೆ ನಿಮ್ಮ ಪೋಸ್ಟರಿನ ಪ್ರಶ್ನೆ ನನಗೆ ಇಷ್ಟವಾಗಲಿಲ್ಲ. ಅರ್ಧ ತೊಂದರೆ ಅಲ್ಲೇ ಇದೆ. ನಾನು ಮೈಸೂರಿನಲ್ಲಿ ವಕೀಲಿಕೆ ಮಾಡುತ್ತೇನೆ, ಬಿಡುವಿದ್ದಾಗ ಹಳ್ಳಿ ಶಾಲೆಗಳಲ್ಲಿ ಪವಾಡ ಬಯಲು ಕಾರ್ಯಕ್ರಮಕ್ಕೂ ಹೋಗುತ್ತೇನೆ. ಹಾಗಾಗಿ ಎರಡೂ ಕಡೆಯಿಂದ ಹೇಳುತ್ತೇನೆ.

'ದೇವರು ಇದ್ದಾನೆಯೇ' ಅಂತ ವೇದಿಕೆ ಹಾಕಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ನೀವು ಪುರಾವೆ ಕೇಳುತ್ತೀರಿ. ಅವರು ಅನುಭವ ಹೇಳುತ್ತಾರೆ. ನೀವು ಅನುಭವ ಪುರಾವೆಯಲ್ಲ ಅನ್ನುತ್ತೀರಿ, ಅವರು ತಾಯಿ ಪ್ರೀತಿಗೆ ಪುರಾವೆ ಕೊಡಿ ಅನ್ನುತ್ತಾರೆ, ಅವರ ಕಡೆಯವರು ಚಪ್ಪಾಳೆ ತಟ್ಟುತ್ತಾರೆ, ನಿಮ್ಮ ಕಡೆಯವರು ಹಿಂದಿನ ಸಾಲಿನಲ್ಲಿ ಕೂತು ನಗುತ್ತಾರೆ, ಮಾರನೇ ದಿನ ಇಬ್ಬರ ಸ್ಟೇಟಸ್ಸಿನಲ್ಲೂ ಇಬ್ಬರೂ ಗೆದ್ದಿರುತ್ತಾರೆ. ಈ ಪ್ರಶ್ನೆ ಎರಡು ಗಂಟೆಯಲ್ಲಿ ತೀರುವಂಥದ್ದಲ್ಲ. ತೀರದೇ ಇದ್ದರೆ ಯಾರಿಗೂ ನಷ್ಟವೂ ಇಲ್ಲ. ಪಕ್ಕದ ಮನೆಯವರು ಬೆಳಿಗ್ಗೆ ಎದ್ದು ಊದುಬತ್ತಿ ಹಚ್ಚಿದರೆ ನಿಮಗೇನು ತೊಂದರೆ? ನಂಬಿಕೆ ಇನ್ನೊಬ್ಬರ ಜೇಬಿಗೆ, ಮೈಗೆ, ಮಕ್ಕಳ ಓದಿಗೆ, ಸರ್ಕಾರದ ಫೈಲಿಗೆ ಕೈ ಹಾಕಿದಾಗ ಮಾತ್ರ ಅದು ಸಾರ್ವಜನಿಕ ವಿಷಯ ಆಗುತ್ತದೆ. ಚರ್ಚೆ ಅಲ್ಲಿ ಇಡಿ.

ಉದಾಹರಣೆಗೆ 2012ರ ಬರಗಾಲ. ಆ ವರ್ಷ ಜುಲೈನಲ್ಲಿ ಸರ್ಕಾರ ಮುಜರಾಯಿ ಇಲಾಖೆಗೆ ಸೇರಿದ ಸುಮಾರು 34,000 ದೇವಸ್ಥಾನಗಳಲ್ಲಿ ಮಳೆಗಾಗಿ ಪೂಜೆ ಮಾಡಿಸಲು ಹೊರಟಿತು. ಒಂದೊಂದು ದೇವಸ್ಥಾನಕ್ಕೆ 5,000 ರೂಪಾಯಿ. ಒಟ್ಟು 17 ಕೋಟಿ. 2019ರಲ್ಲಿ ಇನ್ನೊಂದು ಸರ್ಕಾರ ಇತ್ತು, ಆಗಲೂ ದೇವಸ್ಥಾನಗಳಲ್ಲಿ ಪರ್ಜನ್ಯ ಹೋಮ ಮಾಡಿಸಿ ಅಂತ ಆದೇಶ ಬಂತು. ಪಕ್ಷ ಯಾವುದಾದರೇನು, ಮಳೆ ಬರದಿದ್ದಾಗ ಎಲ್ಲರ ತಲೆಯೂ ಒಂದೇ ಕಡೆ ಓಡುತ್ತದೆ. ಈಗ ನಿಮ್ಮ ಪೋಸ್ಟರಿನಲ್ಲಿ 'ಮಳೆಗಾಗಿ ಸರ್ಕಾರ ಹೋಮ ಮಾಡಿಸಬಹುದೇ?' ಅಂತ ಬರೆಯಿರಿ. ಮಂಡ್ಯದಲ್ಲಿ ಕನ್ನಂಬಾಡಿ ಕಟ್ಟೆಯ ನೀರು ಎಷ್ಟು ಅಡಿ ಇದೆ ಅಂತ ದಿನಾ ಪೇಪರಿನಲ್ಲಿ ನೋಡುವ ರೈತರೇ ಬರುತ್ತಾರೆ, ಅದೂ ದೇವರನ್ನು ನಂಬುವ ರೈತರು. ಅವರಲ್ಲಿ ಒಬ್ಬರಾದರೂ ಎದ್ದು 'ಆ ದುಡ್ಡಲ್ಲಿ ನಾಲೆ ಹೂಳು ಎತ್ತಿಸಿ, ಪೂಜೆ ನಾವೇ ಮಾಡ್ಕೋತೀವಿ' ಅನ್ನುತ್ತಾರೆ. ಆ ಮಾತು ನಿಮ್ಮ ಬಾಯಿಂದ ಬಂದರೆ ನಾಸ್ತಿಕರ ಕೊಂಕು. ಅವರ ಬಾಯಿಂದ ಬಂದರೆ ಊರಿನ ಅಭಿಪ್ರಾಯ.

ಎಚ್. ನರಸಿಂಹಯ್ಯನವರು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. 1976ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಪವಾಡಗಳನ್ನು ಪರೀಕ್ಷೆ ಮಾಡೋಕೆ ಅಂತ ಒಂದು ಸಮಿತಿ ಮಾಡಿದರು. ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು, ಉತ್ತರ ಬರಲಿಲ್ಲ. ಗಮನಿಸಿ, ಅವರು 'ದೇವರಿಲ್ಲ ಅಂತ ಒಪ್ಪಿಕೊಳ್ಳಿ' ಅನ್ನಲಿಲ್ಲ. ಮಾಡುತ್ತೇನೆ ಅನ್ನುವುದನ್ನು ನಮ್ಮೆದುರು ಮಾಡಿ ತೋರಿಸಿ ಅಂದರು, ಅಷ್ಟೇ. ಈ ಪ್ರಶ್ನೆಗೆ ಸಿಟ್ಟು ಮಾಡಿಕೊಳ್ಳಬಹುದು, ಆದರೆ ಜಾಸ್ತಿ ಹೊತ್ತು ತಪ್ಪಿಸಿಕೊಳ್ಳೋಕಾಗಲ್ಲ. ಸಿಂಹಳದಲ್ಲಿದ್ದ ಮಲಯಾಳಿ ಅಬ್ರಹಾಂ ಕೋವೂರ್ 1963ರಲ್ಲಿ ಪವಾಡ ಮಾಡಿ ತೋರಿಸಿದವರಿಗೆ ಒಂದು ಲಕ್ಷ ರೂಪಾಯಿ ಅಂತ ಸವಾಲು ಹಾಕಿದ್ದರಲ್ಲ, ಅದೂ ಇದೇ ದಾರಿ. ಅವರು 1978ರಲ್ಲಿ ತೀರಿಕೊಳ್ಳುವವರೆಗೂ ಆ ದುಡ್ಡು ಯಾರೂ ತೆಗೆದುಕೊಂಡು ಹೋಗಲಿಲ್ಲ.

ನಮ್ಮ ಕಡೆಗೇ ಹೊಂದುವ ಒಂದು ಪಾಠ ಹೇಳುತ್ತೇನೆ. ಅಲಮೇಲಮ್ಮನ ಶಾಪ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದ ಮೇಲೆ ಒಡವೆಗಾಗಿ ಬೆನ್ನು ಹತ್ತಿದಾಗ, ಸೋತ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ ಹೀಗೆ ಶಪಿಸಿ ಕಾವೇರಿಗೆ ಹಾರಿದಳು ಅಂತ ಕಥೆ. ಮೈಸೂರು, ಮಂಡ್ಯದಲ್ಲಿ ಇದನ್ನು ಕೇಳದೆ ಬೆಳೆದವರು ಕಡಿಮೆ. ನೀವು 'ಇದು ಮೂಢನಂಬಿಕೆ' ಅಂದ ತಕ್ಷಣ ಎದುರಿನವರ ಕಿವಿ ಮುಚ್ಚಿಹೋಗುತ್ತದೆ. ನಾನು ಬೋರ್ಡಿನ ಮೇಲೆ ವಂಶಾವಳಿ ಬರೆಯುತ್ತೇನೆ. 1673ರಿಂದ 1704ರವರೆಗೆ ಚಿಕ್ಕದೇವರಾಜ ಒಡೆಯರು. ಅವರ ನಂತರ ಯಾರು? ಅವರ ಮಗ ಎರಡನೇ ಕಂಠೀರವ ನರಸರಾಜರು, 1714ರವರೆಗೆ. ಆಮೇಲೆ? ಅವರ ಮಗ ದೊಡ್ಡ ಕೃಷ್ಣರಾಜರು, 1732ರವರೆಗೆ. ಶಾಪ ಆಗಿ ಒಂದು ಶತಮಾನ ಕಳೆದ ಮೇಲೂ ಅಪ್ಪ, ಮಗ, ಮೊಮ್ಮಗ ಸಾಲಾಗಿ ಪಟ್ಟಕ್ಕೆ ಬಂದಿದ್ದಾರೆ. ಅಷ್ಟರಲ್ಲಿ ಯಾರಾದರೂ 'ಸಾರ್, ಅದು ಒಂದು ತಲೆ ಬಿಟ್ಟು ಒಂದು ತಲೆಗೆ ಶಾಪ' ಅನ್ನುತ್ತಾರೆ. ಆಯ್ತು, ಅದನ್ನೂ ನೋಡೋಣ ಅಂತೀನಿ. ಚಿಕ್ಕದೇವರಾಜರಿಗೂ ಮಗ, ಆ ಮಗನಿಗೂ ಮಗ, ನಡುವೆ ಬಿಟ್ಟ ತಲೆ ಯಾವುದು? ಮುಮ್ಮಡಿ ಕೃಷ್ಣರಾಜರು ಖಾಸಾ ಚಾಮರಾಜರ ಸ್ವಂತ ಮಗ. ನಾಲ್ವಡಿಯವರು ಚಾಮರಾಜೇಂದ್ರ ಒಡೆಯರ ಸ್ವಂತ ಮಗ. ಹಾಗಂತ ದತ್ತು ಹೋಗಿದ್ದು ಸುಳ್ಳಲ್ಲ, ಅದನ್ನೂ ಬೋರ್ಡಿನ ಮೇಲೆ ಬರೆಯಬೇಕು. ಚಾಮರಾಜೇಂದ್ರರು ದತ್ತು ಬಂದವರು, ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ, ಶ್ರೀಕಂಠದತ್ತರಿಗೂ ಇರಲಿಲ್ಲ. ಶಾಪಕ್ಕೆ ಹೊಂದಿದ್ದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ, ಹೊಂದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಇದನ್ನು ನಾನು ಹೇಳಬೇಕಾಗಿಲ್ಲ, ಬೋರ್ಡು ನೋಡಿ ಮಕ್ಕಳೇ ಹೇಳುತ್ತಾರೆ. ತಲಕಾಡಿನ ಮರಳಿಗೂ ನದಿಯ ತಿರುವು, ಬೇಸಿಗೆಯಲ್ಲಿ ಬರಿದಾಗುವ ದಡ, ಗಾಳಿ, ಹತ್ತಿರದ ಮಾಧವಮಂತ್ರಿ ಅಣೆ ಅಂತ ನೆಲಕ್ಕೆ ಸಂಬಂಧಿಸಿದ ಕಾರಣಗಳಿವೆ. ಆದರೆ ಇದೆಲ್ಲ ಹೇಳಿ ಕಥೆಯನ್ನು ಬಿಸಾಡಿ ಅಂತ ಮಾತ್ರ ಅನ್ನಬೇಡಿ. ಗೆದ್ದವರ ಚರಿತ್ರೆಯೊಳಗೆ ಸೋತ ಹೆಂಗಸಿನ ದುಃಖ ಉಳಿದುಕೊಂಡಿರುವ ಕಥೆ ಅದು. ಕಥೆಯಾಗಿ ಅದಕ್ಕೆ ಬೆಲೆಯಿದೆ.

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಅನ್ನುವುದೂ ಇದೇ ಜಾತಿಯದ್ದು. ಸಿದ್ದರಾಮಯ್ಯನವರು ಅಲ್ಲಿಗೆ ಮತ್ತೆ ಮತ್ತೆ ಹೋಗಿ, 2013ರಿಂದ 2018ರವರೆಗೆ ಐದು ವರ್ಷ ಪೂರೈಸಿ, 2023ರಲ್ಲಿ ಮತ್ತೆ ಮುಖ್ಯಮಂತ್ರಿ ಆದರು. ಕರ್ನಾಟಕದಲ್ಲಿ ಐದು ವರ್ಷ ಮುಗಿಸಿದ ಮುಖ್ಯಮಂತ್ರಿಗಳೇ ಕೈಬೆರಳೆಣಿಕೆಯಷ್ಟು. ಅಲ್ಲಿಗೆ ಹೋದವರೂ ಕುರ್ಚಿ ಕಳೆದುಕೊಂಡಿದ್ದಾರೆ, ಹೋಗದವರೂ ಕಳೆದುಕೊಂಡಿದ್ದಾರೆ.

ಇನ್ನು ಪವಾಡ ಬಯಲು. ಇದು ಎಲ್ಲರಿಗೂ ಇಷ್ಟ, ನಿಮ್ಮ ಗೆಳೆಯರಿಗೂ ಇಷ್ಟ ಆಗುತ್ತದೆ. ಚಾಕುವಿನ ಅಲಗಿಗೆ ಕೆಂಪು ದಾಸವಾಳ ಚೆನ್ನಾಗಿ ಉಜ್ಜಿ ಒಣಗಿಸಿಟ್ಟು ನಿಂಬೆಹಣ್ಣು ಕೊಯ್ದರೆ ರಸ ಕೆಂಪಗೆ ಇಳಿಯುತ್ತದೆ, ಹುಳಿ ತಾಗಿದ ಕೂಡಲೇ ದಾಸವಾಳದ ಬಣ್ಣ ಕೆಂಪಾಗುವುದರಿಂದ. 'ಮಾಟ ಮಾಡಿಸಿದ ರಕ್ತ' ಅಂತ ತೋರಿಸಿ ಸಾವಿರಗಟ್ಟಲೆ ಕೀಳುವುದು ಇದನ್ನೇ. ಮಂತ್ರದಿಂದ ಹೋಮಕುಂಡ ಹೊತ್ತಿಸುವುದಕ್ಕೆ ಸೌದೆ ಕೆಳಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಪುಡಿ ಇರುತ್ತದೆ, ತುಪ್ಪ ಅಂತ ಸುರಿಯುವುದು ಗ್ಲಿಸರಿನ್. ಹೊತ್ತಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು. ಆ ಗ್ಯಾಪಿನಲ್ಲೇ ಮಂತ್ರ ಮುಗಿಯುತ್ತದೆ. (ಮಕ್ಕಳ ಕೈಗೆ ಇದನ್ನು ಕೊಡಬೇಡಿ, ದೊಡ್ಡವರೇ ಮಾಡಿ ತೋರಿಸಿ.)

ಆದರೆ ಇದರ ಮಿತಿಯೂ ಗೊತ್ತಿರಲಿ. ಟಿ. ನರಸೀಪುರದ ಕಡೆ ಒಂದು ಹಳ್ಳಿಯಲ್ಲಿ ನಿಂಬೆಹಣ್ಣಿನ ಆಟ ತೋರಿಸಿ ಮುಗಿಸಿದಾಗ ಒಬ್ಬ ಅಜ್ಜಿ ಹತ್ತಿರ ಬಂದು ಹೇಳಿದ ಮಾತು ಇದು: 'ಅದು ಕಣ್ಕಟ್ಟು ಅಂತ ನಂಗೂ ಗೊತ್ತು ಕಣಪ್ಪ. ಆಸ್ಪತ್ರೆಯಾಗೆ ನನ್ನ ಮುಖಾನೂ ನೋಡ್ದೆ ಚೀಟಿ ಬರೆದ್ರು. ಆ ಮಂತ್ರ ಹಾಕೋನು ಕುಂಡುಸ್ಕೊಂಡು ಏನವ್ವಾ ಕಷ್ಟ ಅಂತ ಕೇಳ್ದ.' ಇದಕ್ಕೆ ರಸಾಯನಶಾಸ್ತ್ರದಲ್ಲಿ ಉತ್ತರ ಇಲ್ಲ. ಮೋಸ ಬಯಲು ಮಾಡಿ, ಜೊತೆಗೆ ಆಶಾ ಕಾರ್ಯಕರ್ತೆಯನ್ನೋ ಹತ್ತಿರದ ಡಾಕ್ಟರನ್ನೋ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ಜನ 'ಆ ಮನುಷ್ಯ ಕಳ್ಳ, ನಮ್ಮ ಸ್ವಾಮಿ ಅಸಲಿ' ಅಂದುಕೊಂಡು ಇನ್ನೊಬ್ಬರ ಹತ್ತಿರ ಹೋಗುತ್ತಾರೆ.

ಮಂಡ್ಯದಲ್ಲೇ ಇದ್ದೀರಲ್ಲ, ಇನ್ನೊಂದು ಕೇಳುತ್ತೇನೆ. 2023ರ ಕೊನೆಯಲ್ಲಿ ನಿಮ್ಮ ಜಿಲ್ಲೆಯಲ್ಲೇ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟುಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಬೆಲ್ಲ ಕಾಯಿಸುವ ಜಾಗದಲ್ಲಿ! ಭ್ರೂಣಲಿಂಗ ಪತ್ತೆ ತಡೆಯೋಕೆ ಅಂತ ಕಾನೂನು 1994ರಿಂದಲೇ ಇದೆ. ಮೆಷಿನ್ ಅತ್ಯಾಧುನಿಕ, ಅದನ್ನು ಅಲ್ಲಿಗೆ ತಂದ ಆಸೆ ಹಳೆಯದು: ಕೊಳ್ಳಿ ಇಡೋಕೆ ಗಂಡು ಬೇಕು, ವಂಶ ನಿಲ್ಲಬೇಕು. ಆಸ್ತಿ, ವರದಕ್ಷಿಣೆ ಎಲ್ಲ ಸೇರಿದೆ, ನಿಜ. ಆದರೆ ಗಂಡು ಮಗ ಕೊಳ್ಳಿ ಇಡದಿದ್ದರೆ ಸದ್ಗತಿ ಇಲ್ಲ ಅನ್ನುವ ಮಾತು ಯಾರ ಬಾಯಿಂದ ಬರುತ್ತದೆ, ಅದಕ್ಕೆ ಎದುರಾಗಿ ಹೆಣ್ಣುಮಕ್ಕಳೇ ಚಿತೆಗೆ ಬೆಂಕಿ ಕೊಟ್ಟ ಮನೆಗಳು ನಿಮ್ಮ ತಾಲ್ಲೂಕಿನಲ್ಲಿ ಎಷ್ಟಿವೆ, ಆ ಹೆಣ್ಣುಮಕ್ಕಳನ್ನು ಕರೆದು ಮಾತಾಡಿಸಿದ್ದೀರಾ? ನಾಸ್ತಿಕರ ಗುಂಪಿಗೆ ಮಂಡ್ಯದಲ್ಲಿ ಇದಕ್ಕಿಂತ ದೊಡ್ಡ ಕೆಲಸ ನನಗೆ ಕಾಣುತ್ತಿಲ್ಲ.

ಈಗ ಕಾನೂನು. ಸಂವಿಧಾನದ 25ನೇ ವಿಧಿ ಕೊಡುವುದು ಮೊದಲು ಅಂತಃಸಾಕ್ಷಿಯ ಸ್ವಾತಂತ್ರ್ಯ, ಆಮೇಲೆ ಧರ್ಮದ ಆಚರಣೆ. ನಂಬದೇ ಇರುವುದೂ ಅದರೊಳಗೇ ಬರುತ್ತದೆ. ಮಾತಾಡೋಕೆ 19ನೇ ವಿಧಿ ಇದೆ. ವೈಜ್ಞಾನಿಕ ಮನೋಭಾವ ಬೆಳೆಸುವುದು ನಾಗರಿಕರ ಕರ್ತವ್ಯ ಅಂತ 51ಎ ವಿಧಿಯಲ್ಲಿದೆ, 1976ರ 42ನೇ ತಿದ್ದುಪಡಿಯಲ್ಲಿ ಸೇರಿಸಿದ್ದು. ಭಾಷಣಕಾರರು ಇದನ್ನು ಬ್ರಹ್ಮಾಸ್ತ್ರದ ಹಾಗೆ ಎತ್ತಿ ತೋರಿಸುತ್ತಾರೆ. ಸುಮ್ನೆ ಹೇಳುತ್ತಿಲ್ಲ, ಕೋರ್ಟಿನಲ್ಲಿ ಅದರಿಂದ ನೇರವಾಗಿ ಸಿಗುವುದು ಕಡಿಮೆ. ವಿಶ್ವವಿದ್ಯಾಲಯಗಳಲ್ಲಿ ಜ್ಯೋತಿಷ್ಯ ಕೋರ್ಸು ಬೇಡ ಅಂತ ವಿಜ್ಞಾನಿಗಳು ಹೋದಾಗ ಸುಪ್ರೀಂ ಕೋರ್ಟ್ 2004ರಲ್ಲಿ ಅವರ ಮಾತು ಒಪ್ಪಲಿಲ್ಲ.

ನಿಮಗೆ ಬೆದರಿಕೆ ಹಾಕುತ್ತಿರುವುದು ಹಳೆಯ ದಂಡ ಸಂಹಿತೆಯ (ಐಪಿಸಿ) 295ಎ ಕಲಂ ತೋರಿಸಿ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299. ಶಿಕ್ಷೆ ಮೂರು ವರ್ಷದವರೆಗೆ. ಠಾಣೆಯಲ್ಲೇ ಜಾಮೀನು ಸಿಗುವ ಕೇಸಲ್ಲ, ಹಾಗಾಗಿ ಹಗುರವಾಗಿ ತೆಗೆದುಕೊಳ್ಳಬೇಡಿ. ಆದರೆ ಯಾರಿಗೋ ನೋವಾಯಿತು ಅಂದ ಮಾತ್ರಕ್ಕೆ ಅದು ಅಪರಾಧ ಆಗುವುದಿಲ್ಲ. ಬೇಕೆಂತಲೇ, ಕೆಟ್ಟ ಉದ್ದೇಶದಿಂದ ಧರ್ಮವನ್ನು ಅವಮಾನ ಮಾಡಿದ್ದಾಗಿರಬೇಕು ಅಂತ ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ವ್ಯವಹಾರದಲ್ಲಿ ಇದರ ಅರ್ಥ ಏನು? 'ಈ ಹೋಮಕ್ಕೆ ಖರ್ಚಾದ ದುಡ್ಡಿನ ಲೆಕ್ಕ ಕೊಡಿ' ಅಂದರೆ ಯಾವ ಕಲಮಿನಡಿಯೂ ಕೇಸು ನಿಲ್ಲುವುದಿಲ್ಲ. ದೇವರ ಫೋಟೋ ತಿದ್ದಿ ಗೇಲಿ ಮಾಡಿ ಸ್ಟೇಟಸ್ ಹಾಕಿದರೆ ನಿಮ್ಮ ಪರವಾಗಿ ವಾದ ಮಾಡುವ ವಕೀಲರಿಗೆ ಬೆವರು ಬರುತ್ತದೆ. ಹೀಗೆ ಸಿಕ್ಕಿಹಾಕಿಕೊಂಡ ಹುಡುಗರ ಫೈಲು ನನ್ನ ಮೇಜಿಗೆ ಬಂದಿವೆ. ಹೆಚ್ಚಿನವು ಭಾಷಣದಿಂದ ಬಂದದ್ದಲ್ಲ, ರಾತ್ರಿ ಹನ್ನೊಂದರ ಮೇಲೆ ಮಾಡಿದ ಫಾರ್ವರ್ಡಿನಿಂದ.

ನಿಮ್ಮ ಕೈಯಲ್ಲೂ ಒಂದು ಕಾನೂನು ಇದೆ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯೋಕೆ ಅಂತ 2017ರಲ್ಲಿ ಕರ್ನಾಟಕ ಮಾಡಿದ ಕಾಯ್ದೆ. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಒಂದರಿಂದ ಏಳು ವರ್ಷ ಜೈಲು, 5,000ದಿಂದ 50,000 ರೂಪಾಯಿ ದಂಡ. ಎಂಜಲೆಲೆ ಮೇಲೆ ಉರುಳಿಸುವುದು, ಬಾಯಿಬೀಗ ಚುಚ್ಚುವುದು, ಹಾವು ಚೇಳು ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು ಇದರೊಳಗೆ ಬರುತ್ತವೆ. ಜ್ಯೋತಿಷ್ಯ, ವಾಸ್ತು, ಹರಿಕಥೆ, ಭಜನೆ, ಯಾತ್ರೆ, ಪ್ರದಕ್ಷಿಣೆ ಬರುವುದಿಲ್ಲ. ಜ್ಯೋತಿಷ್ಯ ಬಿಟ್ಟರಲ್ಲ ಅಂತ ನನಗೂ ಬೇಜಾರಿದೆ, ಆದರೆ ಅದನ್ನು ಸೇರಿಸಿದ್ದರೆ ಮಸೂದೆ ಪಾಸಾಗುತ್ತಿತ್ತಾ ಅನ್ನುವುದೂ ಅನುಮಾನ.

'ಬರೀ ಹಿಂದೂಗಳನ್ನೇ ಯಾಕೆ ಕೇಳ್ತೀರಿ' ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಇದನ್ನು ನಗೆಯಾಡಿ ತಳ್ಳಬೇಡಿ, ಇದರಲ್ಲಿ ಹುರುಳಿದೆ. ಹುಟ್ಟಿದ ಮನೆಯ ಬಗ್ಗೆ ಮೊದಲು ಮಾತಾಡುವುದು ಸಹಜ, ಅಲ್ಲಿನ ತೂತು ನಮಗೆ ಗೊತ್ತಿರುತ್ತದೆ. ಆದರೆ ಅಳತೆಗೋಲು ಒಂದೇ ಇರಬೇಕು. ಪ್ರಾರ್ಥನೆಯಿಂದ ಕ್ಯಾನ್ಸರ್ ವಾಸಿ ಅನ್ನುವ ಸಭೆ, ತಾಯತ ಕಟ್ಟಿ ದೆವ್ವ ಬಿಡಿಸುವ ಜಾಗ, ಎಲ್ಲಕ್ಕೂ ಅದೇ ಪ್ರಶ್ನೆ. ಬೇರೆ ಧರ್ಮದಲ್ಲಿ ಹುಟ್ಟಿ ನಂಬಿಕೆ ಬಿಟ್ಟವರು ನಿಮ್ಮ ಗುಂಪಿನಲ್ಲಿದ್ದರೆ ಅವರ ಹೆಸರು, ಫೋಟೋ ಅವರನ್ನು ಕೇಳದೆ ಹಾಕಬೇಡಿ. 2017ರ ಮಾರ್ಚಿನಲ್ಲಿ ಕೊಯಮತ್ತೂರಿನಲ್ಲಿ ಫಾರೂಕ್ ಅನ್ನುವ ಯುವಕನನ್ನು ಕೊಂದದ್ದು ಆತ ನಾಸ್ತಿಕ ಅನ್ನುವ ಕಾರಣಕ್ಕೇ. ಈ ಕಡೆ ದಾಭೋಲ್ಕರ್ 2013ರಲ್ಲಿ ಪುಣೆಯಲ್ಲಿ, ಕಲಬುರ್ಗಿಯವರು 2015ರಲ್ಲಿ ಧಾರವಾಡದಲ್ಲಿ, ಗೌರಿ ಲಂಕೇಶ್ 2017ರಲ್ಲಿ ಬೆಂಗಳೂರಿನಲ್ಲಿ. ಕಲಬುರ್ಗಿ, ಗೌರಿ ಇಬ್ಬರಿಗೂ ಗುಂಡು ಬಿದ್ದದ್ದು ಅವರವರ ಮನೆ ಬಾಗಿಲಲ್ಲೇ. ಹೆದರಿಸುತ್ತಿಲ್ಲ. ಪೋಸ್ಟರಿನಲ್ಲಿ ಮನೆ ವಿಳಾಸ, ಸ್ವಂತ ನಂಬರ್ ಹಾಕಬೇಡಿ ಅಂತ ಹೇಳುತ್ತಿದ್ದೇನೆ.

ಇನ್ನೊಂದು ಚಟ ಬಿಡಬೇಕು. ಬಸವಣ್ಣ, ಕುವೆಂಪು ಎಲ್ಲರನ್ನೂ ನಾಸ್ತಿಕರ ಪಟ್ಟಿಗೆ ಎಳೆದು ತರುವ ಚಟ. ಇಬ್ಬರೂ ನಾಸ್ತಿಕರಲ್ಲ. ಎದುರಿನವರಲ್ಲಿ ಓದಿಕೊಂಡವರು ಒಬ್ಬರಿದ್ದರೂ ನಿಮ್ಮ ಮಾನ ಅಲ್ಲೇ ಹರಾಜಾಗುತ್ತದೆ. ಕುವೆಂಪು ಮಾಡಿ ತೋರಿಸಿದ್ದನ್ನು ಹೇಳಿ: 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಪುರೋಹಿತರಿಲ್ಲದೆ, ಆಡಂಬರ ಇಲ್ಲದೆ ಮಂತ್ರಮಾಂಗಲ್ಯವಾಗಿ ಮಾಡಿಸಿದರು. ದೇವರನ್ನು ನಂಬಿಯೂ ದಲ್ಲಾಳಿಯನ್ನು ಬೇಡ ಅನ್ನಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಮದುವೆಗೆ ಐದಾರು ಲಕ್ಷ ಸಾಲ ಮಾಡಿದ ಅಪ್ಪಂದಿರ ಎದುರು ಇದನ್ನು ಹೇಳಿ ನೋಡಿ, ದೇವರಿದ್ದಾನಾ ಅನ್ನುವ ಪ್ರಶ್ನೆ ಯಾರೂ ಎತ್ತುವುದಿಲ್ಲ.

ದಸರೆ ವಿಷಯದಲ್ಲೂ ಹೀಗೇ ಒಂದು ಅವಕಾಶ ತಪ್ಪಿತು. 2025ರಲ್ಲಿ ಬಾನು ಮುಷ್ತಾಕ್ ಉದ್ಘಾಟನೆ ಮಾಡಬಾರದು ಅಂತ ಹೈಕೋರ್ಟು, ಸುಪ್ರೀಂ ಕೋರ್ಟುವರೆಗೆ ಹೋದರು, ಎರಡೂ ಕಡೆ ಅರ್ಜಿ ಬಿದ್ದುಹೋಯಿತು. 2017ರಲ್ಲಿ ನಿಸಾರ್ ಅಹಮದ್ ಉದ್ಘಾಟಿಸಿದ್ದರು ಅನ್ನುವುದನ್ನು ಎಷ್ಟೋ ಜನ ಮರೆತಿದ್ದರು. ಇಡೀ ಜಗಳ ಯಾವ ಧರ್ಮದವರು ಹೂ ಹಾಕಬೇಕು ಅನ್ನುವುದರಲ್ಲೇ ಮುಗಿಯಿತು. ಸರ್ಕಾರದ ದುಡ್ಡಿನ ನಾಡಹಬ್ಬ ಪೂಜೆಯಿಂದಲೇ ಯಾಕೆ ಶುರುವಾಗಬೇಕು ಅಂತ ಗಟ್ಟಿಯಾಗಿ ಕೇಳಬೇಕಾಗಿದ್ದವರು ನಾವು. ನಮ್ಮ ದನಿ ಕೇಳಿಸಲೇ ಇಲ್ಲ.

ಅವ್ವನ ವಿಷಯ. ಅವರನ್ನು ಚರ್ಚೆಯಲ್ಲಿ ಗೆಲ್ಲೋಕೆ ಹೋಗಬೇಡಿ. ಬಲವಂತದಿಂದ ಕೊಂಡ ಹಾಯಿಸಿದರೆ ಆಗ ಹೇಳಿದ 2017ರ ವಾಮಾಚಾರ ತಡೆ ಕಾಯ್ದೆಯಡಿ ಅಪರಾಧ, ಅವರಾಗಿ ಹಾಯುವುದು ಅವರಿಷ್ಟ. ಕೆಂಡ ಶಾಖವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ, ಮೇಲೆ ಬೂದಿ ಕೂತಿರುತ್ತದೆ, ಕಾಲು ತಾಗುವುದು ಕ್ಷಣ ಹೊತ್ತು, ಅದಕ್ಕೇ ಬೇಗ ಬೇಗ ನಡೆದವರಿಗೆ ಬಹಳ ಸಲ ಏನೂ ಆಗುವುದಿಲ್ಲ. ಅಪಾಯ ಇರುವುದು ಎಡವಿದರೆ, ನಡುವೆ ನಿಂತರೆ, ಸೀರೆ ಸೆರಗಿಗೆ ಕಿಡಿ ಹತ್ತಿದರೆ. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಜಾಸ್ತಿ, ಪಾದ ಸುಟ್ಟರೂ ಗೊತ್ತಾಗುವುದಿಲ್ಲ, ಗಾಯ ಬೇಗ ಮಾಯುವುದೂ ಇಲ್ಲ. ಅವರಿಗೆ ಸಕ್ಕರೆ ಇದ್ದರೆ ಹರಕೆಯನ್ನು ಬೇರೆ ರೀತಿ ತೀರಿಸೋಕೆ ಆಗುತ್ತದಾ ಅಂತ ದೇವಸ್ಥಾನದ ಹಿರಿಯರನ್ನೇ ಕೇಳಿಸಿ, ನಿಮ್ಮ ಮಾತಿಗಿಂತ ಅವರ ಮಾತು ನಡೆಯುತ್ತದೆ. ಇಲ್ಲ ಅಂದರೆ ಸೆರಗು ಸಿಕ್ಕಿಸಿಕೊಳ್ಳಲು ಹೇಳಿ, ಕಾಲುಂಗುರ ಬಿಚ್ಚಿಸಿ, ಬಕೆಟ್ ನೀರು ಹಿಡಿದು ಕೊಂಡದ ಆ ತುದಿಯಲ್ಲಿ ನೀವೇ ನಿಂತಿರಿ. ಮೊಬೈಲ್ ಜೇಬಲ್ಲೇ ಇರಲಿ.

ಇನ್ನು ಹಾಲ್ ಸಿಗದ ವಿಷಯ. ಖಾಸಗಿ ಹಾಲ್ ಇಟ್ಟುಕೊಂಡವರು ಕೊಡಲ್ಲ ಅಂದರೆ ಬಲವಂತ ಮಾಡೋಕಾಗಲ್ಲ. ಮೈದಾನ, ಮೈಕ್ ಅಂದರೆ ಮೊದಲೇ ಪೊಲೀಸರ ಅನುಮತಿ ಬೇಕು, ರಾತ್ರಿ ಹತ್ತರ ಮೇಲೆ ಮೈಕ್ ಇಲ್ಲ. ಅರ್ಜಿಯಲ್ಲಿ ವಿಷಯ ಬರೆಯಿರಿ, ಮಾತಾಡುವವರ ಹೆಸರು ಬರೆಯಿರಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ನಂಬುವವರನ್ನೂ ಒಬ್ಬರನ್ನು ಮಾತಾಡೋಕೆ ಕರೆಯಿರಿ, ಒಳ್ಳೆಯ ಮಾತುಗಾರರನ್ನೇ ಕರೆಯಿರಿ. ಅನುಮತಿ ನಿರಾಕರಿಸಿದರೆ ಕಾರಣ ಬರಹದಲ್ಲಿ ಕೇಳಿ. ಕಾರಣ ಬರೆಯಬೇಕು ಅಂದಾಗ ಅನುಮತಿ ಸಿಕ್ಕಿದ್ದೂ ಉಂಟು. ಯಾರಾದರೂ ದೂರು ಕೊಟ್ಟು ಠಾಣೆಯಿಂದ ಫೋನ್ ಬಂದರೆ ಗಾಬರಿಯಾಗಿ ಓಡಬೇಡಿ, ತಲೆಮರೆಸಿಕೊಳ್ಳಲೂ ಬೇಡಿ. ನಾಗರಿಕ ಸುರಕ್ಷಾ ಸಂಹಿತೆಯ 35(3)ರಡಿ, ಅಂದರೆ ಬಂಧಿಸದೆ ವಿಚಾರಣೆಗೆ ಬನ್ನಿ ಅಂತ ಕರೆಯುವ ನೋಟಿಸ್ ಕೊಡಿ ಅಂತ ಮರ್ಯಾದೆಯಿಂದ ಕೇಳಿ. ಹೋಗುವಾಗ ವಕೀಲರು ಜೊತೆಗಿರಲಿ. ಕಾರ್ಯಕ್ರಮದ ವಿಡಿಯೋ ಶುರುವಿನಿಂದ ಕೊನೆವರೆಗೆ, ಎಲ್ಲೂ ಕತ್ತರಿಸದೆ, ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿರಿ.